ಗ್ಯಾಂಟ್ರಿ ಮೇಲಿನ 50: ಬದಲಾಗುವ ವೇಗಮಿತಿ ಮತ್ತು ಕ್ಯಾಮೆರಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಲಿಕ್ಕೋ ಇಂಗ್ಲೆಂಡಿಗೆ ಬಂದ ನಮ್ಮವರು ಕಾರು ತಗೊಂಡ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಅರ್ಧ ಈ ಕ್ಯಾಮೆರಾಗಳದ್ದೇ. ಊರಲ್ಲಿ 100 ಅಂತ ಬೋರ್ಡ್ ಇದ್ದರೆ ಅದು ಬೆಳಿಗ್ಗೆಯೂ 100, ಮಧ್ಯರಾತ್ರಿಯೂ 100. ಇಲ್ಲಿನ ಮೋಟರ್‌ವೇ ಅನ್ನುವ ದೊಡ್ಡ ಹೆದ್ದಾರಿಗಳಲ್ಲಿ ಹಾಗಲ್ಲ. ರಸ್ತೆಗೆ ಅಡ್ಡಲಾಗಿ ಕಟ್ಟಿದ ಚೌಕಟ್ಟಿನ (ಗ್ಯಾಂಟ್ರಿ) ಮೇಲಿನ ಒಂದು ಬೋರ್ಡ್ 60 ಅನ್ನುತ್ತದೆ, ಮುಂದಿನದು 40 ಅನ್ನುತ್ತದೆ, ಅದರ ಮುಂದಿನದು ಏನೂ ಹೇಳುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಇಂಗ್ಲೆಂಡಿನ ರಸ್ತೆಗಳಿಗೆ ಸಂಬಂಧಪಟ್ಟವು. ವೇಗ ಗಂಟೆಗೆ ಮೈಲಿಗಳಲ್ಲಿದೆ. 70 ಮೈಲಿ ಅಂದರೆ ಸುಮಾರು 112 ಕಿಲೋಮೀಟರ್.

ವೇಗಮಿತಿಯನ್ನು ಯಾಕೆ ಬದಲಾಯಿಸುತ್ತಾರೆ? ಒಂದೇ ಇಟ್ಟರೆ ಆಗಲ್ವಾ?

ಜಾಮ್ ಆಗಲಿಕ್ಕೆ ಅಪಘಾತವೇ ಬೇಕಾಗಿಲ್ಲ. ರಸ್ತೆ ತುಂಬಿದಾಗ ಒಬ್ಬರು ಸುಮ್ನೆ ಬ್ರೇಕ್ ಮುಟ್ಟಿದರೂ ಸಾಕು. ಹಿಂದಿನವರು ಇನ್ನೂ ಸ್ವಲ್ಪ ಜಾಸ್ತಿ ಒತ್ತುತ್ತಾರೆ, ಅವರ ಹಿಂದಿನವರು ಇನ್ನೂ ಜಾಸ್ತಿ. ಎರಡು ಮೈಲಿ ಹಿಂದೆ ಬರುವ ಹೊತ್ತಿಗೆ ಗಾಡಿಗಳು ಪೂರ್ತಿ ನಿಂತಿರುತ್ತವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಜೊತೆಯವರು ಇದನ್ನು ಮಾಡಿಯೇ ತೋರಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ ಹೋಗಿ ಅಂದರು. ಅಡ್ಡಿ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಹುಟ್ಟಿಕೊಂಡಿತು, ಹುಟ್ಟಿದ್ದು ಹಿಮ್ಮುಖವಾಗಿ ಸರಿಯುತ್ತಾ ಹೋಯಿತು. 2008ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಬದಲಾಗುವ ವೇಗಮಿತಿಯ ಕೆಲಸ ಆ ಅಲೆಯನ್ನು ಮೊದಲೇ ಸಣ್ಣದು ಮಾಡುವುದು. ನಿಂತಿರುವ ಸಾಲಿಗೆ 70ರಲ್ಲಿ ಬಂದು ಸೇರುವ ಬದಲು 50ರಲ್ಲಿ ಬಂದು ಸೇರಿದರೆ ಸಾಲು ನಿಧಾನಕ್ಕೆ ಬೆಳೆಯುತ್ತದೆ. ಎಲ್ಲರೂ ಹೆಚ್ಚೂ ಕಡಿಮೆ ಒಂದೇ ವೇಗದಲ್ಲಿದ್ದರೆ ಲೇನ್ ಬದಲಾಯಿಸುವ ಆಸೆಯೂ ಕಡಿಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ ಇದು ಮೊದಲು ಬಂದದ್ದು 1995ರಲ್ಲಿ, ಲಂಡನ್ ಸುತ್ತುವ ಎಂ25ರ ಪಶ್ಚಿಮ ಭಾಗದಲ್ಲಿ. ಹೀಥ್ರೂಗೆ ಅತಿಥಿಗಳನ್ನು ಕರೆಯಲು ಹೋಗುವಾಗ ನಾವೆಲ್ಲ ಸಿಕ್ಕಿಹಾಕಿಕೊಳ್ಳುವ ಅದೇ ಭಾಗ. 2006ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಎಂ42ರಲ್ಲಿ ಇದರ ಜೊತೆಗೆ ಹಾರ್ಡ್ ಶೋಲ್ಡರನ್ನೂ (ಕೆಟ್ಟ ಗಾಡಿ ನಿಲ್ಲಿಸಲು ಇರುವ ಅಂಚಿನ ಪಟ್ಟಿ) ದಟ್ಟಣೆ ಹೊತ್ತಿನಲ್ಲಿ ಲೇನಾಗಿ ಬಳಸಲು ಶುರುಮಾಡಿದರು. ಸ್ಮಾರ್ಟ್ ಮೋಟರ್‌ವೇ ಅನ್ನುವ ಹೆಸರು ಬೆಳೆದದ್ದು ಅಲ್ಲಿಂದ.

ಸ್ಮಾರ್ಟ್ ಮೋಟರ್‌ವೇ ರದ್ದು ಮಾಡಿದ್ರಲ್ಲ, ಮತ್ತೆ ಇವೆಲ್ಲ ಯಾಕಿವೆ?

2023ರ ಏಪ್ರಿಲ್‌ನಲ್ಲಿ ರದ್ದಾದದ್ದು ಹೊಸ ಸ್ಮಾರ್ಟ್ ಮೋಟರ್‌ವೇ ಯೋಜನೆಗಳು. ಆಗಲೇ ಇದ್ದವು ಹಾಗೇ ಇವೆ, ಅವುಗಳ ಬೋರ್ಡು, ಕ್ಯಾಮೆರಾ ಎಲ್ಲ ಕೆಲಸ ಮಾಡುತ್ತಲೇ ಇವೆ.

ಸಂಖ್ಯೆ ಬದಲಾಯಿಸುವವರು ಯಾರು? ಕಂಪ್ಯೂಟರೋ, ಮನುಷ್ಯರೋ?

ಇಬ್ಬರೂ. ರಸ್ತೆಯ ಟಾರಿನೊಳಗೆ ತಂತಿಯ ಸುರುಳಿಗಳನ್ನು ಹೂತಿರುತ್ತಾರೆ, ಕೆಲವು ಕಡೆ ಕಂಬದ ಮೇಲೆ ರೇಡಾರ್ ಇರುತ್ತದೆ. ಎಷ್ಟು ಗಾಡಿ ಹೋಗುತ್ತಿವೆ, ಎಷ್ಟು ವೇಗದಲ್ಲಿ ಅನ್ನುವುದನ್ನು ಅವು ಎಣಿಸುತ್ತಲೇ ಇರುತ್ತವೆ. ಈ ವ್ಯವಸ್ಥೆಗೆ ಮೈಡಾಸ್ ಅಂತ ಹೆಸರು. ಗಾಡಿಗಳ ಸಂಖ್ಯೆ ಒಂದು ಮಟ್ಟ ದಾಟಿದರೆ ಅದು ತಾನೇ 60 ಹಾಕುತ್ತದೆ, ಇನ್ನೂ ಹೆಚ್ಚಿದರೆ 50. ಗಾಡಿಗಳು ನಿಲ್ಲುತ್ತಿವೆ ಅಂತ ಗೊತ್ತಾದರೆ ಹಿಂದಿನ ಬೋರ್ಡುಗಳಲ್ಲಿ 40 ಬರುತ್ತದೆ.

ಕೆಟ್ಟು ನಿಂತ ಲಾರಿ, ರಸ್ತೆಗೆ ಬಿದ್ದ ಏಣಿ, ದಾರಿ ತಪ್ಪಿ ಬಂದ ನಾಯಿ ಇಂಥವಕ್ಕೆಲ್ಲ, ಈ ರಸ್ತೆಗಳನ್ನು ನೋಡಿಕೊಳ್ಳುವ ಸರ್ಕಾರಿ ಕಂಪನಿ ನ್ಯಾಷನಲ್ ಹೈವೇಸ್‌ನ ನಿಯಂತ್ರಣ ಕೊಠಡಿಯಲ್ಲಿ ಕೂತವರು ಕೈಯಾರೆ ಮಿತಿ ಹಾಕುತ್ತಾರೆ.

ರಾತ್ರಿ ಹನ್ನೊಂದು ಗಂಟೆ, ರಸ್ತೆ ಖಾಲಿ, ಆದರೂ 50 ಅಂತಿದೆ. ಪಾಲಿಸಲೇಬೇಕಾ?

ಪಾಲಿಸಲೇಬೇಕು. ಸಿಟ್ಟು ಬರುವುದು ಸಹಜ. ಎರಡು ಮೈಲಿ ಮುಂದೆ ಏನಾಗಿದೆ ಅಂತ ನಮಗೆ ಕಾಣುವುದಿಲ್ಲ. ಕೆಲವೊಮ್ಮೆ ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಲಾರಿಯನ್ನು ಎಳೆದುಕೊಂಡು ಹೋಗಿ ಆಗಿರುತ್ತದೆ, ಬೋರ್ಡ್ ಮಾತ್ರ ಇನ್ನೂ ಆರಿರುವುದಿಲ್ಲ. ಕಾರಣ ಕಾಣದ ಮಿತಿಗಳು ಜಾಸ್ತಿಯಾದರೆ ಜನ ನಿಜವಾದ ಮಿತಿಯನ್ನೂ ನಂಬುವುದಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಅಂತಲೇ ನನ್ನ ಅಭಿಪ್ರಾಯ. ಆದರೆ ರಸ್ತೆ ಖಾಲಿ ಇತ್ತು ಅನ್ನುವ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ.

ಎಲ್ಲಾ ಸಂಖ್ಯೆಗಳೂ ಕಡ್ಡಾಯವೇ?

ಇಲ್ಲ. ಸಂಖ್ಯೆಯ ಸುತ್ತ ಕೆಂಪು ಉಂಗುರ ಇದೆಯೇ ನೋಡಿ. ಇದ್ದರೆ ಅದು ಕಾನೂನು, ಮೀರಿದರೆ ದಂಡ. ಉಂಗುರ ಇಲ್ಲದೆ ಬರೀ ಸಂಖ್ಯೆ ಇದ್ದು, ಪಕ್ಕದಲ್ಲಿ ಹಳದಿ ದೀಪ ಮಿನುಗುತ್ತಿದ್ದರೆ ಅದು ಸಲಹೆ. ಹಳೆಯ ಮೋಟರ್‌ವೇಗಳ ಮಧ್ಯದ ವಿಭಜಕದಲ್ಲಿರುವ ಸಣ್ಣ ಬೋರ್ಡುಗಳಲ್ಲಿ ಇಂಥವು ಕಾಣುತ್ತವೆ. ಸಲಹೆಯನ್ನು ಮೀರಿದ್ದಕ್ಕೇ ದಂಡ ಬೀಳುವುದಿಲ್ಲ. ಆದರೆ ಅದನ್ನು ಲೆಕ್ಕಿಸದೆ ಹೋಗಿ ಗುದ್ದಿದರೆ ಆಗ ಬೇರೆ ಕೇಸೇ ಆಗುತ್ತದೆ.

ಬೋರ್ಡಿನಲ್ಲಿ ಏನೂ ಇಲ್ಲ ಅಂದರೆ ಕಾರಿಗೆ ರಾಷ್ಟ್ರೀಯ ಮಿತಿ, ಅಂದರೆ 70. ಕ್ಯಾರವಾನ್ ಎಳೆಯುತ್ತಿದ್ದರೆ 60.

ಈಗ ಯಾವ ಮಿತಿ ಅಂತ ಕ್ಯಾಮೆರಾಗೆ ಹೇಗೆ ಗೊತ್ತಾಗುತ್ತೆ?

ಬೋರ್ಡು ಮತ್ತು ಕ್ಯಾಮೆರಾ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಬೋರ್ಡಿನಲ್ಲಿ 60 ಹೋಗಿ 50 ಬಂದರೆ, ಕ್ಯಾಮೆರಾ ಹಿಡಿಯುವ ವೇಗವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಈಗ ಹೆಚ್ಚಾಗಿ ಕಾಣುವುದು ಹಾಡೆಕ್ಸ್ 3 ಅನ್ನುವ ಕ್ಯಾಮೆರಾ. ಗ್ಯಾಂಟ್ರಿಯ ಎಡಗಡೆ ಕಾಲಿನ ಹತ್ತಿರ ಅಥವಾ ರಸ್ತೆಬದಿಯ ಕಂಬದ ಮೇಲೆ ಇರುವ ಸಣ್ಣ ಹಳದಿ ಪೆಟ್ಟಿಗೆ. ರೇಡಾರ್‌ನಿಂದ ವೇಗ ಅಳೆಯುತ್ತದೆ, ಒಂದೇ ಕಡೆ ಕೂತು ಎಲ್ಲ ಲೇನುಗಳನ್ನೂ ನೋಡುತ್ತದೆ. ಮಿತಿ ಮೀರಿದ ಗಾಡಿಯ ಹಿಂಭಾಗದ ಫೋಟೊ ತೆಗೆಯುತ್ತದೆ. ದಿನಾಂಕ, ಸಮಯ, ಲೇನು, ವೇಗ, ಆಗ ಜಾರಿಯಲ್ಲಿದ್ದ ಮಿತಿ ಎಲ್ಲವೂ ಆ ದಾಖಲೆಯಲ್ಲಿ ಸೇರುತ್ತವೆ.

ನಾನು ಬೋರ್ಡಿನ ಕೆಳಗೆ ಬರುವಾಗಲೇ 60 ಹೋಗಿ 40 ಆಯಿತು. ಸಿಕ್ಕಿಬೀಳ್ತೀನಾ?

ಎಲ್ಲರಿಗೂ ಇರುವ ಭಯ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂ25ರಂಥ ರಸ್ತೆಗಳಿಗೆ ಮಾಡಿರುವ ನಿಯಮಗಳಲ್ಲೇ ಇದಕ್ಕೆ ಉತ್ತರವಿದೆ. ನೀವು ಬೋರ್ಡ್ ದಾಟುವುದಕ್ಕೆ ಹಿಂದಿನ ಹತ್ತು ಸೆಕೆಂಡಿನೊಳಗೆ ಅದು ಹೆಚ್ಚಿನ ಮಿತಿ ತೋರಿಸುತ್ತಿದ್ದರೆ, ನಿಮಗೆ ಅನ್ವಯವಾಗುವುದು ಆ ಹೆಚ್ಚಿನ ಮಿತಿ. 60 ಮೈಲಿ ವೇಗದಲ್ಲಿ ಹತ್ತು ಸೆಕೆಂಡಿಗೆ ಕಾರು ಸುಮಾರು 268 ಮೀಟರ್ ಹೋಗುತ್ತದೆ. ಅಂದರೆ 200 ಮೀಟರ್ ದೂರದಲ್ಲಿದ್ದಾಗ 60 ಇದ್ದದ್ದು 40 ಆದರೆ, ಆ ಬೋರ್ಡಿನ ಮಟ್ಟಿಗೆ ನಿಮ್ಮ ಮಿತಿ ಇನ್ನೂ 60. ಗಾಬರಿಯಿಂದ ಬ್ರೇಕ್ ತುಳಿಯುವ ಅಗತ್ಯವೇ ಇಲ್ಲ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯಿರಿ, ಕನ್ನಡಿ ನೋಡಿ, ನಿಧಾನಕ್ಕೆ ಇಳಿಸಿ.

ಈ ಒಂದು ವಿಷಯ ಎಲ್ಲರಿಗೂ ಗೊತ್ತಿದ್ದರೆ ಗ್ಯಾಂಟ್ರಿಗಳ ಮುಂದೆ ಆಗುವ ಅರ್ಧ ಬ್ರೇಕ್‌ಗಳು ಆಗುತ್ತಲೇ ಇರಲಿಲ್ಲ. ಮೂರನೇ ಲೇನಿನಲ್ಲಿ 68ರಲ್ಲಿ ಬರುತ್ತಿರುವ ಕಾರು, ಮುಂದೆ ಹಳದಿ ಪೆಟ್ಟಿಗೆ ಕಂಡ ತಕ್ಷಣ ಹಿಂದಿನ ಕೆಂಪು ದೀಪಗಳನ್ನು ಹೊತ್ತಿಸಿ 45ಕ್ಕೆ ಇಳಿಯುತ್ತದೆ, ದಾಟಿದ ಮೇಲೆ ಮತ್ತೆ 70ಕ್ಕೆ ಜಿಗಿಯುತ್ತದೆ. ಜಾಮ್ ತಪ್ಪಿಸಲು ಇಟ್ಟ ಕ್ಯಾಮೆರಾವೇ ಹೀಗೆ ಹೊಸ ಜಾಮ್ ಹುಟ್ಟಿಸುತ್ತದೆ.

ಎರಡು ಬೋರ್ಡುಗಳ ಮಧ್ಯೆ ಇರುವಾಗ ಮುಂದಿನದು ಬದಲಾದರೆ ನನ್ನ ಮಿತಿ ಯಾವುದು?

ನೀವು ಕೊನೆಯದಾಗಿ ದಾಟಿದ ಬೋರ್ಡು ಹೇಳಿದ್ದೇ ನಿಮ್ಮ ಮಿತಿ. ಮುಂದಿನ ಬೋರ್ಡನ್ನು ದಾಟುವ ತನಕ ಅದೇ. ದೂರದಲ್ಲಿ ಹೆಚ್ಚಿನ ಮಿತಿ ಕಂಡಿತು ಅಂತ ಈಗಲೇ ಒತ್ತಿಬಿಡಬೇಡಿ. ಹಿಂದೆ ದಾಟಿದ ಬೋರ್ಡು ಆಮೇಲೆ ಬದಲಾದರೂ ನಿಮಗೆ ಸಂಬಂಧವಿಲ್ಲ.

ಹೊಸ ರಸ್ತೆಗಳಲ್ಲಿ ಪ್ರತಿ ಲೇನಿನ ಮೇಲೂ ಸಂಖ್ಯೆ ಇರುವುದಿಲ್ಲ, ಎಡಬದಿಯಲ್ಲಿ ಒಂದೇ ದೊಡ್ಡ ಬೋರ್ಡ್ ಇರುತ್ತದೆ. ದೊಡ್ಡ ಲಾರಿ ಅಡ್ಡ ಬಂದರೆ ಅದು ಕಾಣದೇ ಹೋಗಬಹುದು. ಸ್ಯಾಟ್‌ನ್ಯಾವ್ (ದಾರಿ ತೋರಿಸುವ ಸಾಧನ) ನಂಬಬೇಡಿ. ಬೋರ್ಡು 40 ಅಂದರೂ ಅದು ಆರಾಮಾಗಿ 70 ತೋರಿಸುತ್ತಿರುತ್ತದೆ.

ಬೋರ್ಡು ಒಂದು ಹೇಳಿ ಕ್ಯಾಮೆರಾ ಇನ್ನೊಂದು ಹಿಡಿದ ಉದಾಹರಣೆ ಇದೆಯಾ?

ಇದೆ. 2025ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಹೈವೇಸ್ ತಾನೇ ಹೊರಗೆ ಹೇಳಿತು. ಕೆಲವು ಮೋಟರ್‌ವೇ ಮತ್ತು ಎ ದರ್ಜೆಯ ದೊಡ್ಡ ರಸ್ತೆಗಳಲ್ಲಿ ಬೋರ್ಡು ಬದಲಾದದ್ದಕ್ಕೂ ಕ್ಯಾಮೆರಾಗೆ ಅದು ತಿಳಿದದ್ದಕ್ಕೂ ನಡುವೆ ಸುಮಾರು ಹತ್ತು ಸೆಕೆಂಡಿನ ಅಂತರ ಬಿದ್ದಿತ್ತು. ಬೋರ್ಡು ಹೊಸ ಮಿತಿ ತೋರಿಸುತ್ತಿದೆ, ಕ್ಯಾಮೆರಾ ಮಾತ್ರ ಇನ್ನೂ ಹಳೆಯದನ್ನೇ ಹಿಡಿದುಕೊಂಡು ಕೂತಿದೆ. 2021ರಿಂದ ಆವತ್ತಿನವರೆಗೆ ಸುಮಾರು 2,650 ಸಲ ಕ್ಯಾಮೆರಾ ಹೀಗೆ ತಪ್ಪಾಗಿ ಕ್ಲಿಕ್ಕಿಸಿತ್ತು. ಎಲ್ಲದಕ್ಕೂ ದಂಡ ಬಿದ್ದಿರಲಿಲ್ಲ. ಬಿದ್ದವರಿಗೆ ಪೊಲೀಸರೇ ತಿಳಿಸಿ, ಹಣ ವಾಪಸ್ ಕೊಟ್ಟು, ಲೈಸೆನ್ಸ್ ಮೇಲೆ ಬಿದ್ದ ಪಾಯಿಂಟ್ (ತಪ್ಪಿನ ಅಂಕ) ತೆಗೆಯುವುದಾಗಿ ಹೇಳಿದರು. ಮುಂಜಾಗ್ರತೆಗೆ ಅಂತ ದಂಡದ ಬದಲು ಸಾವಿರಾರು ಜನ ಕೂರಬೇಕಿದ್ದ ಕೋರ್ಸ್‌ಗಳನ್ನೂ ರದ್ದು ಮಾಡಿದರು.

ಒಟ್ಟು ಪ್ರಕರಣಗಳ ಪಕ್ಕದಲ್ಲಿಟ್ಟರೆ ಇದು ಚಿಕ್ಕ ಸಂಖ್ಯೆ ಅಂತ ಸಮರ್ಥನೆ ಬಂತು. ಲೆಕ್ಕಕ್ಕೆ ಅದು ಸರಿ ಇರಬಹುದು. ಆದರೆ ಮಿತಿಯೊಳಗೇ ಹೋಗಿ ನೋಟಿಸ್ ಪಡೆದವರಿಗೆ ಅದರಿಂದ ಏನು ಸಮಾಧಾನ? ನಾಲ್ಕು ವರ್ಷ ಯಾರಿಗೂ ಗೊತ್ತಾಗದೇ ಹೋದದ್ದು ನನಗೆ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಬಹುಪಾಲು ಜನ ಯಂತ್ರ ಹೇಳಿದ ಮೇಲೆ ಮುಗೀತು ಅಂತ ಕಟ್ಟಿಬಿಡುತ್ತಾರೆ.

ಬೋರ್ಡು ಖಾಲಿ ಇದ್ದಾಗ ಕ್ಯಾಮೆರಾ ಆಫ್ ಆಗಿರುತ್ತೆ ಅಂತಾರೆ, ನಿಜವಾ?

ಆ ಮಾತು ನಂಬಿ ಕೆಟ್ಟವರು ತುಂಬಾ ಜನ. ಈ ಕ್ಯಾಮೆರಾಗಳು 70ರ ಮಿತಿಯನ್ನೂ ಹಿಡಿಯಬಲ್ಲವು, ಹಗಲು ರಾತ್ರಿ ಎರಡೂ ಹೊತ್ತು. ಎಲ್ಲ ಗ್ಯಾಂಟ್ರಿಗಳಲ್ಲೂ ಕ್ಯಾಮೆರಾ ಇರುವುದಿಲ್ಲ ಅನ್ನುವುದು ನಿಜ. ಮೊದಲು ಬೂದು ಬಣ್ಣದಲ್ಲಿದ್ದ ಪೆಟ್ಟಿಗೆಗಳಿಗೆ ಜನ ಗಲಾಟೆ ಮಾಡಿದ ಮೇಲೆ 2016ರಲ್ಲಿ ಹಳದಿ ಬಳಿದರು. ಹಳದಿ ಕಂಡರೂ 70 ಮೈಲಿ ವೇಗದಲ್ಲಿ ಅದು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ರಸ್ತೆ ಕೆಲಸ ನಡೆಯುವ ಕಡೆ ಇರುವ ಕ್ಯಾಮೆರಾಗಳು ಬೇರೆ ಜಾತಿ. ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಹಿಡಿದ ಸಮಯದಿಂದ ಸರಾಸರಿ ವೇಗ ಲೆಕ್ಕ ಹಾಕುತ್ತಾರೆ. ಕ್ಯಾಮೆರಾ ಮುಂದೆ ಮಾತ್ರ ನಿಧಾನ ಮಾಡುವ ಉಪಾಯ ಅಲ್ಲಿ ನಡೆಯಲ್ಲ.

ಒಂದೆರಡು ಮೈಲಿ ಜಾಸ್ತಿ ಆದರೆ ಬಿಡ್ತಾರಾ?

ಪೊಲೀಸ್ ಮುಖ್ಯಸ್ಥರ ಮಂಡಳಿಯ ಮಾರ್ಗಸೂಚಿ ಒಂದಿದೆ: ಮಿತಿಯ ಶೇ. 10, ಅದರ ಮೇಲೆ 2 ಮೈಲಿ. ಅದರ ಪ್ರಕಾರ 40ಕ್ಕೆ 46, 50ಕ್ಕೆ 57, 60ಕ್ಕೆ 68ರಿಂದ ಕ್ರಮ ಶುರು. ಆದರೆ ಅದು ಪೊಲೀಸರಿಗೆ ಕೊಟ್ಟ ಸೂಚನೆ, ನಮಗೆ ಕೊಟ್ಟ ಹಕ್ಕಲ್ಲ. 51ಕ್ಕೂ ಕೇಸ್ ಹಾಕಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ.

ಇನ್ನೊಂದು ವಿಷಯ. ಕಾರಿನ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹಾಗಾಗಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ನಿಮ್ಮ ಮುಳ್ಳು 50ರಲ್ಲಿದ್ದರೆ ನೀವು ಆರಾಮಾಗಿರಬಹುದು.

ಕೆಂಪು ಎಕ್ಸ್ ಕಂಡ ಲೇನಿನಲ್ಲಿ ಹೋದರೆ?

ಆ ಲೇನು ಮುಚ್ಚಿದೆ ಅಂತ ಅರ್ಥ. ಮುಂದೆ ಕೆಟ್ಟ ಗಾಡಿಯ ಪಕ್ಕ ಯಾರೋ ನಿಂತಿರಬಹುದು, ಕೆಲಸಗಾರರು ಇರಬಹುದು. ವೇಗ ಎಷ್ಟೇ ಕಡಿಮೆ ಇದ್ದರೂ ತಪ್ಪು ತಪ್ಪೇ. 2019ರ ಜೂನ್ 10ರಿಂದ ಇದನ್ನೂ ಕ್ಯಾಮೆರಾದಿಂದ ಹಿಡಿಯಲು ಪೊಲೀಸರಿಗೆ ಅಧಿಕಾರ ಬಂದಿದೆ. 100 ಪೌಂಡ್, 3 ಪಾಯಿಂಟ್. ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ಸಿಕ್ಕಿಬಿದ್ದಿದ್ದೀನಾ ಅಂತ ಮೊದಲೇ ಗೊತ್ತಾಗುತ್ತಾ?

ಇಲ್ಲ. ಊರಿನ ಹಾಗೆ ಮೊಬೈಲಿಗೆ ಮೆಸೇಜ್ ಬರುವುದಿಲ್ಲ. ಪೊಲೀಸರಿಂದ ಅಂಚೆಯಲ್ಲಿ ಕಾಗದ ಬರುತ್ತದೆ. ಗಾಡಿಯ ನೋಂದಾಯಿತ ಮಾಲೀಕರಿಗೆ ಮೊದಲ ನೋಟಿಸ್ 14 ದಿನಗಳೊಳಗೆ ತಲುಪಬೇಕು. ಅದರ ಜೊತೆಗೇ ಆವತ್ತು ಗಾಡಿ ಓಡಿಸಿದವರು ಯಾರು ಅಂತ ಕೇಳುವ ಫಾರಂ ಇರುತ್ತದೆ. 28 ದಿನಗಳೊಳಗೆ ತುಂಬಿ ಕಳಿಸಬೇಕು.

ಇಲ್ಲಿ ನಮ್ಮವರು ಎಡವುವುದು ವಿಳಾಸದಲ್ಲಿ. ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತೇವೆ, ಬ್ಯಾಂಕಿಗೆ ಹೇಳುತ್ತೇವೆ, ಆಫೀಸಿಗೆ ಹೇಳುತ್ತೇವೆ, ಗಾಡಿಯ ಲಾಗ್‌ಬುಕ್ಕಿನಲ್ಲಿ (ನೋಂದಣಿ ಪತ್ರ) ಮಾತ್ರ ಹಳೆ ಮನೆಯೇ ಇರುತ್ತದೆ. ನೋಟಿಸ್ ಹೋಗಿ ಹಳೆ ಮನೆಯ ಬಾಗಿಲ ಒಳಗೆ ಪಿಜ್ಜಾ ಜಾಹೀರಾತುಗಳ ಜೊತೆ ಬಿದ್ದಿರುತ್ತದೆ. ಓಡಿಸಿದವರು ಯಾರು ಅಂತ ಹೇಳದೇ ಹೋದರೆ ಅದೇ ಒಂದು ಪ್ರತ್ಯೇಕ ಅಪರಾಧ. 6 ಪಾಯಿಂಟ್, 1,000 ಪೌಂಡ್‌ವರೆಗೆ ದಂಡ. ಮೂಲ ತಪ್ಪಿಗಿಂತ ಇದೇ ದುಬಾರಿ! ಇಲ್ಲಿನ ಲೈಸೆನ್ಸ್ ಸಿಕ್ಕಿ ಎರಡು ವರ್ಷ ಆಗಿಲ್ಲದವರಿಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಮತ್ತೆ ಎಲ್-ಬೋರ್ಡಿನಿಂದ ಶುರು.

ದಂಡ ಎಷ್ಟು? ಕೋರ್ಸ್ ಅಂತಾರಲ್ಲ, ಅದೇನು?

ಸಾಮಾನ್ಯ ಪ್ರಕರಣಕ್ಕೆ 100 ಪೌಂಡ್ ಮತ್ತು 3 ಪಾಯಿಂಟ್. ವೇಗ ತೀರಾ ಜಾಸ್ತಿ ಇದ್ದರೆ ಕೋರ್ಟು. ಮೋಟರ್‌ವೇಯಲ್ಲಿ ಅಲ್ಲಿ ಗರಿಷ್ಠ ದಂಡ 2,500 ಪೌಂಡ್. ಮೂರು ವರ್ಷದೊಳಗೆ 12 ಪಾಯಿಂಟ್ ಆದರೆ ಲೈಸೆನ್ಸ್ ಕಳೆದುಕೊಳ್ಳುವ ಸ್ಥಿತಿ.

ಸ್ವಲ್ಪ ಮಾತ್ರ ಮೀರಿದ್ದರೆ, ಹಿಂದಿನ ಮೂರು ವರ್ಷದಲ್ಲಿ ಕೋರ್ಸ್ ಮಾಡಿಲ್ಲದಿದ್ದರೆ, ದಂಡದ ಬದಲು ತರಗತಿಗೆ ಕೂರುವ ಅವಕಾಶ ಕೊಡಬಹುದು. 50ರ ಮಿತಿಗೆ ಸುಮಾರು 64ರವರೆಗೆ ಅಂತ ಮಾರ್ಗಸೂಚಿ. ಬದಲಾಗುವ ಮಿತಿ ಮತ್ತು ಕೆಂಪು ಎಕ್ಸ್ ಪ್ರಕರಣಗಳಿಗೆ ಅಂತಲೇ ಮೋಟರ್‌ವೇ ಅವೇರ್‌ನೆಸ್ ಕೋರ್ಸ್ ಇದೆ. ಅದರ ಶುಲ್ಕ ನೀವೇ ಕಟ್ಟಬೇಕು, ಆದರೆ ಪಾಯಿಂಟ್ ಬೀಳಲ್ಲ. ಕೊಟ್ಟರೆ ತಗೊಳ್ಳಿ, ಯೋಚನೆ ಮಾಡಬೇಡಿ. ಪಾಯಿಂಟ್ ಬಿದ್ದರೆ ಇನ್ಶೂರೆನ್ಸ್ ಏರುವ ಸಾಧ್ಯತೆ ಇದೆ, ಆ ಲೆಕ್ಕ ಹಾಕಿದರೆ ಕೋರ್ಸೇ ಅಗ್ಗ.

ಊರಿಂದ ಬಂದ ಅಣ್ಣ ಬಾಡಿಗೆ ಕಾರು ಓಡಿಸ್ತಾ ಸಿಕ್ಕಿಬಿದ್ದರೆ?

ಮೊದಲ ನೋಟಿಸ್ ಕಾರು ಕಂಪನಿಗೆ ಹೋಗುತ್ತದೆ. ಕಂಪನಿ ಬಾಡಿಗೆಗೆ ಪಡೆದವರ ಹೆಸರು ಕೊಡುತ್ತದೆ, ಆಮೇಲೆ ಅಣ್ಣನ ಹೆಸರಿಗೆ ಇನ್ನೊಂದು ನೋಟಿಸ್. 14 ದಿನದ ನಿಯಮ ಆ ಎರಡನೇ ಕಾಗದಕ್ಕೆ ಅನ್ವಯಿಸುವುದಿಲ್ಲ. ಅಷ್ಟು ಹೊತ್ತಿಗೆ ಅಣ್ಣ ಹಾಸನದಲ್ಲಿ ಕಾಫಿ ಕುಡಿಯುತ್ತಿರಬಹುದು. ಹೆಸರು ಕೊಟ್ಟ ಕೆಲಸಕ್ಕೆ ಅಂತ ಕಂಪನಿ ಬೇರೆ ಶುಲ್ಕ ಹಾಕುವುದೂ ಉಂಟು. ಅದು ದಂಡವಲ್ಲ, ಅದನ್ನು ಕಟ್ಟಿದ್ದಕ್ಕೆ ಕೇಸ್ ಮುಗಿಯಿತು ಅಂದುಕೊಳ್ಳಬೇಡಿ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಬಂದು ನೆಲೆಸಿದವರು 12 ತಿಂಗಳವರೆಗೆ ಓಡಿಸಬಹುದು. ಲೈಸೆನ್ಸ್ ಇಲ್ಲಿನದಲ್ಲ, ಹಾಗಾಗಿ ಪಾಯಿಂಟ್ ಬೀಳಲ್ಲ ಅನ್ನುವುದು ತಪ್ಪು. ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯಲ್ಲಿ ನಿಮ್ಮ ಹೆಸರಿಗೆ ಒಂದು ದಾಖಲೆ ತೆರೆದು ಅದರಲ್ಲಿ ಬರೆಯುತ್ತಾರೆ.

ನಾನು ಸರಿಯಾಗೇ ಹೋದೆ ಅನಿಸಿದರೆ ಏನು ಮಾಡಲಿ?

ಮೊದಲು ಫಾರಂನ ಚಾಲಕರ ಭಾಗ ತುಂಬಿ ಸಮಯಕ್ಕೆ ಕಳಿಸಿ. ಓಡಿಸಿದ್ದು ನಾನು ಅಂತ ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಆಮೇಲೆ ಫೋಟೊ ಕೇಳಿ. ಬಹಳ ಕಡೆ ಆನ್‌ಲೈನಿನಲ್ಲೇ ನೋಡಬಹುದು. ಜಾರಿಯಲ್ಲಿದ್ದ ಮಿತಿ ಎಷ್ಟು, ನಿಮ್ಮ ಲೇನು ಯಾವುದು, ಸಮಯ ಎಷ್ಟು ಅಂತ ನೋಡಿ. ಬೋರ್ಡು ಯಾವ ಕ್ಷಣದಲ್ಲಿ ಬದಲಾಯಿತು ಅನ್ನುವ ದಾಖಲೆ ನ್ಯಾಷನಲ್ ಹೈವೇಸ್ ಹತ್ತಿರ ಇರುತ್ತದೆ. ನಿಮ್ಮ ವಾದ ಹತ್ತು ಸೆಕೆಂಡಿನ ಬಗ್ಗೆ ಇದ್ದರೆ ಎಲ್ಲ ನಿಂತಿರುವುದು ಆ ದಾಖಲೆಯ ಮೇಲೆಯೇ.

ಡ್ಯಾಶ್‌ಕ್ಯಾಮ್ ಇದ್ದರೆ ಒಳ್ಳೆಯದು, ಆದರೆ ಒಂದು ತೊಡಕಿದೆ. ಬೋರ್ಡಿನ ಎಲ್‌ಇಡಿಗಳು ಕಣ್ಣಿಗೆ ಕಾಣದಷ್ಟು ಬೇಗ ಹೊತ್ತಿ ಆರುತ್ತಿರುತ್ತವೆ. ಹಾಗಾಗಿ ವಿಡಿಯೊದಲ್ಲಿ 50 ಅರ್ಧ ಮಾತ್ರ ಕಾಣಬಹುದು, ಅಥವಾ ಬೋರ್ಡೇ ಖಾಲಿ ಕಾಣಬಹುದು. ವಿಡಿಯೊದಲ್ಲಿ ಏನೂ ಇರಲಿಲ್ಲ ಅಂತ ಕೋರ್ಟಿಗೆ ಹೊರಡುವ ಮುನ್ನ ಇದು ನೆನಪಿರಲಿ.

ಕೋರ್ಟಿಗೆ ಹೋಗಿ ಸೋತರೆ 100 ಪೌಂಡಿಗಿಂತ ತುಂಬಾ ಜಾಸ್ತಿ ಆಗುತ್ತದೆ. ಗಟ್ಟಿ ಆಧಾರ ಇದ್ದರೆ ಮಾತ್ರ, ವಕೀಲರನ್ನು ಕೇಳಿಕೊಂಡು ಹೋಗಿ.

ಇದೆಲ್ಲ ದುಡ್ಡು ಮಾಡೋಕೆ ಅಲ್ವಾ?

ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ನ್ಯಾಷನಲ್ ಹೈವೇಸ್‌ಗೆ ಹೋಗುವುದಿಲ್ಲ. ಮಿತಿ ಹಾಕುವವರು ಒಬ್ಬರು, ಕೇಸ್ ನಡೆಸುವವರು ಪೊಲೀಸರು. ಕೋರ್ಸ್ ಶುಲ್ಕದ ಕತೆ ಬೇರೆ. ಅದರಲ್ಲಿ ಒಂದು ಪಾಲು ಪೊಲೀಸರಿಗೆ ಹೋಗುತ್ತದೆ. ಅನುಮಾನ ಪಡುವವರು ಬೊಟ್ಟು ಮಾಡುವುದು ಅಲ್ಲಿಗೇ.

ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳೂ ಹೀಗೇನಾ?

ಅಲ್ಲ. ಅಲ್ಲಿ ಕಾರಿಗೆ 100 ಕಿಲೋಮೀಟರ್ ಅಂತ ಇರುವುದು ಸ್ಥಿರ ಮಿತಿ, ಟ್ರಾಫಿಕ್ ನೋಡಿ ಬದಲಾಗುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಚಲನ್ ಮೊಬೈಲಿಗೆ ಬರುತ್ತದೆ. 130 ದಾಟಿದರೆ ಎಫ್‌ಐಆರ್ ಅನ್ನುವ ನಿಯಮ 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ ಜಾರಿಗೆ ಬಂದಿದೆ. ರಜೆಗೆ ಹೋದಾಗ ಇಲ್ಲಿನ 70ರ ಅಭ್ಯಾಸದಲ್ಲಿ ಓಡಿಸಿದರೆ ಅಲ್ಲಿ 112 ಆಗುತ್ತದೆ. ಅದು ಮಿತಿಗಿಂತ 12 ಜಾಸ್ತಿ.